ಕಮಲಾದೇವಿ ಚಟ್ಟೋಪಾಧ್ಯಾಯ
ಕಮಲಾದೇವಿ ಚಟ್ಟೋಪಾಧ್ಯಾಯ (3 ಏಪ್ರಿಲ್ 1903 – 29 ಅಕ್ಟೋಬರ್ 1988) ಭಾರತದ ಸ್ವಾತಂತ್ರ್ಯ ಹೋರಾಟಗಾರ್ತಿ, ಸಮಾಜ ಸುಧಾರಕಿ, ಸಮಾಜವಾದಿ ಚಿಂತಕಿ ಹಾಗೂ ಲೇಖಕಿ. ಸ್ವಾತಂತ್ರ್ಯಾನಂತರ ದೇಶದ ಕರಕುಶಲ ಕಲೆ ಮತ್ತು ರಂಗಭೂಮಿಯ ಪುನರುಜ್ಜೀವನಕ್ಕೆ ದುಡಿದ ಪ್ರಮುಖರಲ್ಲಿ ಒಬ್ಬರು. ಮಂಗಳೂರಿನಲ್ಲಿ ಜನಿಸಿದ ಇವರು 1926ರಲ್ಲಿ ಮದ್ರಾಸ್ ಪ್ರಾಂತೀಯ ವಿಧಾನ ಪರಿಷತ್ತಿನ ಚುನಾವಣೆಗೆ ಸ್ಪರ್ಧಿಸಿ, ಭಾರತದಲ್ಲಿ ಶಾಸನಸಭೆಯ ಚುನಾವಣಾ ಕಣಕ್ಕಿಳಿದ ಮೊದಲ ಮಹಿಳೆಯರ ಸಾಲಿಗೆ ಸೇರಿದರು. 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಮಹಿಳೆಯರಿಗೂ ಅವಕಾಶ ನೀಡಬೇಕೆಂದು ಮಹಾತ್ಮ ಗಾಂಧಿಯವರೊಂದಿಗೆ ವಾದಿಸಿ ಅವರನ್ನು ಒಪ್ಪಿಸಿದವರೆಂದು ಹೆಸರಾಗಿದ್ದಾರೆ. ದೇಶದ ಸ್ವಾತಂತ್ರ್ಯ ಮತ್ತು ಮಹಿಳೆಯ ಸ್ವಾತಂತ್ರ್ಯ ಒಂದೇ ಹೋರಾಟದ ಎರಡು ಮುಖಗಳು, ಒಂದಕ್ಕಾಗಿ ಇನ್ನೊಂದನ್ನು ಮುಂದೂಡಲಾಗದು ಎಂಬುದು ಅವರ ಸಾರ್ವಜನಿಕ ಜೀವನದುದ್ದಕ್ಕೂ ಕಾಣುವ ನಿಲುವು.

ಜನನ ಮತ್ತು ಬಾಲ್ಯ

ಕಮಲಾದೇವಿಯವರು 1903ರ ಏಪ್ರಿಲ್ 3ರಂದು ಮಂಗಳೂರಿನ ಚಿತ್ರಾಪುರ ಸಾರಸ್ವತ ಕುಟುಂಬದಲ್ಲಿ ಜನಿಸಿದರು. ತಂದೆ ಅನಂತಯ್ಯ ಧಾರೇಶ್ವರ ಅವರು ಬ್ರಿಟಿಷ್ ಸರ್ಕಾರದ ಜಿಲ್ಲಾ ಆಡಳಿತದಲ್ಲಿ ಉನ್ನತ ಅಧಿಕಾರಿಯಾಗಿದ್ದರು. ತಾಯಿ ಗಿರಿಜಾಬಾಯಿ ಕರಾವಳಿಯ ಭೂಮಾಲೀಕ ಮನೆತನದವರು. ಶಾಲೆಗಿಂತ ಮನೆಯಲ್ಲೇ ಹೆಚ್ಚಾಗಿ ಕಲಿತಿದ್ದರೂ ಅವರು ವಿಸ್ತಾರವಾದ ಓದು ಮತ್ತು ಸ್ವತಂತ್ರ ಮನೋಭಾವ ಉಳ್ಳವರಾಗಿದ್ದರು. ಕಮಲಾದೇವಿಯವರ ಅಜ್ಜಿ ಪ್ರಾಚೀನ ಗ್ರಂಥಗಳಲ್ಲಿ ಪಾಂಡಿತ್ಯ ಪಡೆದಿದ್ದರು. ಹೀಗೆ ಮನೆಯ ಹಿರಿಯ ಹೆಂಗಸರಿಂದಲೇ ಅವರಿಗೆ ವಿದ್ಯೆಯ ಮೊದಲ ಸಂಸ್ಕಾರ ದೊರೆಯಿತು.

ಬಾಲ್ಯದಲ್ಲಿಯೇ ಅವರು ಎರಡು ಸಾವುಗಳನ್ನು ಕಂಡರು. ಆದರ್ಶವೆಂದು ಭಾವಿಸಿದ್ದ ಅಕ್ಕ ಸಗುಣಾ, ಬಾಲ್ಯವಿವಾಹವಾದ ಕೆಲವೇ ಕಾಲದಲ್ಲಿ ತೀರಿಕೊಂಡರು. ಕಮಲಾದೇವಿಯವರಿಗೆ ಏಳು ವರ್ಷವಾಗಿದ್ದಾಗ ತಂದೆ ನಿಧನರಾದರು. ಅನಂತಯ್ಯನವರು ಉಯಿಲು ಬರೆದಿಟ್ಟಿರಲಿಲ್ಲ. ಅಂದಿನ ಕಾನೂನಿನಂತೆ ಆಸ್ತಿಯೆಲ್ಲವೂ ಅವರ ಮೊದಲ ಪತ್ನಿಯ ಮಗನಿಗೆ ಸೇರಿತು. ಪತ್ನಿಗೂ ಮಗಳಿಗೂ ದೊರೆತದ್ದು ತಿಂಗಳಿಗಿಷ್ಟು ಎಂಬ ಜೀವನಾಂಶ ಮಾತ್ರ. ಗಿರಿಜಾಬಾಯಿಯವರು ಅದನ್ನು ನಿರಾಕರಿಸಿ, ತವರಿನಿಂದ ತಂದಿದ್ದ ತಮ್ಮ ಪಾಲಿನ ಸ್ವತ್ತಿನಿಂದಲೇ ಮಗಳನ್ನು ಬೆಳೆಸಲು ನಿರ್ಧರಿಸಿದರು. ಮಹಿಳೆಗೆ ಆಸ್ತಿಯ ಹಕ್ಕಿಲ್ಲದಿದ್ದರೆ ಮನೆಯಲ್ಲಿ ಅವಳ ಸ್ಥಾನವೇನು ಎಂಬುದು ಕಮಲಾದೇವಿಯವರಿಗೆ ಪುಸ್ತಕಗಳಿಂದ ತಿಳಿಯುವ ಮೊದಲೇ ಅನುಭವದಿಂದ ತಿಳಿದಿತ್ತು.

ತಾಯಿ ಮತ್ತು ಮಗಳು ಕೆಲಕಾಲ ಸೋದರಮಾವನ ಆಶ್ರಯದಲ್ಲಿದ್ದರು. ಸಮಾಜ ಸುಧಾರಣೆಯಲ್ಲಿ ಆಸಕ್ತರಾಗಿದ್ದ ಅವರ ಮನೆಗೆ ಗೋಪಾಲಕೃಷ್ಣ ಗೋಖಲೆ, ಶ್ರೀನಿವಾಸ ಶಾಸ್ತ್ರಿ, ಪಂಡಿತಾ ರಮಾಬಾಯಿ, ಆ್ಯನಿ ಬೆಸೆಂಟ್ ಮೊದಲಾದವರು ಬಂದುಹೋಗುತ್ತಿದ್ದರು. ಅಲ್ಲಿ ನಡೆಯುತ್ತಿದ್ದ ಚರ್ಚೆಗಳು ಬಾಲಕಿ ಕಮಲಾದೇವಿಯವರಲ್ಲಿ ರಾಜಕೀಯ ಪ್ರಜ್ಞೆಯನ್ನು ಮೂಡಿಸಿದವು.

ವಿವಾಹ ಮತ್ತು ಶಿಕ್ಷಣ

1917ರಲ್ಲಿ, ಹದಿನಾಲ್ಕನೆಯ ವಯಸ್ಸಿನಲ್ಲಿ, ಕಮಲಾದೇವಿಯವರ ವಿವಾಹವು ಕೃಷ್ಣರಾವ್ ಎಂಬುವರೊಂದಿಗೆ ನಡೆಯಿತು. ಎರಡು ವರ್ಷಗಳೊಳಗೆ ಪತಿ ತೀರಿಕೊಂಡು ಅವರು ಬಾಲವಿಧವೆಯಾದರು. ಆ ಕಾಲದ ಮೇಲ್ಜಾತಿಯ ಮನೆಗಳಲ್ಲಿ ವಿಧವೆಯಾದ ಹುಡುಗಿಗೆ ವಿದ್ಯೆ, ಮರುಮದುವೆ, ಸಾರ್ವಜನಿಕ ಬದುಕು ಎಲ್ಲವೂ ನಿಷಿದ್ಧವಾಗಿದ್ದವು. ಕಮಲಾದೇವಿಯವರ ವಿದ್ಯಾಭ್ಯಾಸ ಮಾತ್ರ ನಿಲ್ಲಲಿಲ್ಲ. ಅವರು ಮದ್ರಾಸಿನ ಕ್ವೀನ್ ಮೇರಿಸ್ ಕಾಲೇಜಿಗೆ ಸೇರಿದರು.

ಅಲ್ಲಿ ಸಹಪಾಠಿಯಾಗಿದ್ದ ಸುಹಾಸಿನಿ ಚಟ್ಟೋಪಾಧ್ಯಾಯ ಅವರು ಸರೋಜಿನಿ ನಾಯ್ಡು ಅವರ ತಂಗಿ. ಸುಹಾಸಿನಿಯವರ ಮೂಲಕ ಅವರ ಅಣ್ಣ, ಕವಿ, ನಾಟಕಕಾರ ಮತ್ತು ನಟ ಹರೀಂದ್ರನಾಥ ಚಟ್ಟೋಪಾಧ್ಯಾಯ ಅವರ ಪರಿಚಯವಾಯಿತು. ಇಬ್ಬರಿಗೂ ಇದ್ದ ಕಲಾಸಕ್ತಿ ಅವರನ್ನು ಹತ್ತಿರ ತಂದಿತು. ಸಂಪ್ರದಾಯಸ್ಥರ ತೀವ್ರ ವಿರೋಧದ ನಡುವೆ ಅವರು ವಿವಾಹವಾದರು. ಇದು ವಿಧವಾವಿವಾಹವೂ ಅಂತರಪ್ರಾಂತೀಯ ವಿವಾಹವೂ ಆಗಿತ್ತು. ಈ ದಂಪತಿಗೆ ರಾಮಕೃಷ್ಣ ಎಂಬ ಮಗ ಜನಿಸಿದನು.

ವಿವಾಹಾನಂತರ ಕಮಲಾದೇವಿಯವರು ಲಂಡನ್ ವಿಶ್ವವಿದ್ಯಾಲಯದ ಬೆಡ್‌ಫರ್ಡ್ ಕಾಲೇಜಿನಲ್ಲಿ ಸಮಾಜಶಾಸ್ತ್ರವನ್ನು ಅಧ್ಯಯನ ಮಾಡಿ ಡಿಪ್ಲೊಮಾ ಪಡೆದರು. ದಂಪತಿಗಳು ಒಟ್ಟಾಗಿ ಹಲವು ನಾಟಕ ಪ್ರಯೋಗಗಳನ್ನು ಮಾಡಿದರಾದರೂ ಅವರ ದಾಂಪತ್ಯ ಬಹುಕಾಲ ಬಾಳಲಿಲ್ಲ. 1930ರ ದಶಕದಲ್ಲಿ ಇಬ್ಬರೂ ಬೇರೆಯಾದರು. ವಿವಾಹ ವಿಚ್ಛೇದನವು ಅಪರೂಪವೂ ಅಪವಾದಕ್ಕೆ ಕಾರಣವೂ ಆಗಿದ್ದ ಕಾಲದಲ್ಲಿ ಕಮಲಾದೇವಿಯವರು ಮಗನನ್ನು ಬೆಳೆಸುತ್ತಲೇ ಸಾರ್ವಜನಿಕ ಕಾರ್ಯದಲ್ಲಿ ಮುಂದುವರಿದರು.

ರಾಷ್ಟ್ರೀಯ ಚಳವಳಿಗೆ ಪ್ರವೇಶ

ಗಾಂಧೀಜಿಯವರ ಅಸಹಕಾರ ಚಳವಳಿಯ ಪ್ರಭಾವದಿಂದ ಕಮಲಾದೇವಿಯವರು ಲಂಡನ್ನಿನಿಂದ ಭಾರತಕ್ಕೆ ಮರಳಿ ಸೇವಾದಳವನ್ನು ಸೇರಿದರು. ಹುಬ್ಬಳ್ಳಿಯ ಡಾ. ನಾ. ಸು. ಹರ್ಡೀಕರ್ ಅವರು 1923ರಲ್ಲಿ ಸ್ಥಾಪಿಸಿದ ಹಿಂದೂಸ್ತಾನಿ ಸೇವಾದಳವು ಕಾಂಗ್ರೆಸ್ಸಿನ ಸ್ವಯಂಸೇವಕರಿಗೆ ಶಿಸ್ತಿನ ತರಬೇತಿ ನೀಡುತ್ತಿದ್ದ ಸಂಘಟನೆ. ಇದರ ಮಹಿಳಾ ವಿಭಾಗದಲ್ಲಿ ಕರ್ನಾಟಕದ ಉಮಾಬಾಯಿ ಕುಂದಾಪುರ ಅವರು ಪ್ರಮುಖ ಪಾತ್ರ ವಹಿಸಿದ್ದರು. ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ 1924ರಲ್ಲಿ ನಡೆದ ಬೆಳಗಾವಿ ಅಧಿವೇಶನದಲ್ಲಿ ನೂರಕ್ಕೂ ಹೆಚ್ಚು ಮಹಿಳೆಯರು ಸ್ವಯಂಸೇವಕಿಯರಾಗಿ ದುಡಿದರು.

ಸೇವಾದಳದ ಮಹಿಳಾ ವಿಭಾಗದ ಹೊಣೆ ಕಮಲಾದೇವಿಯವರಿಗೂ ದೊರೆಯಿತು. ಎಲ್ಲ ವಯಸ್ಸಿನ ಹೆಣ್ಣುಮಕ್ಕಳನ್ನು ಸೇರಿಸಿಕೊಂಡು ಕವಾಯತು, ಪ್ರಥಮ ಚಿಕಿತ್ಸೆ, ಸಭಾ ನಿರ್ವಹಣೆ ಮೊದಲಾದವುಗಳಲ್ಲಿ ತರಬೇತಿ ನೀಡುವುದು ಈ ವಿಭಾಗದ ಕೆಲಸವಾಗಿತ್ತು. ಹೊಸಿಲು ದಾಟಿ ಬಂದ ಹೆಣ್ಣುಮಕ್ಕಳಿಗೆ ಸಾರ್ವಜನಿಕ ಸ್ಥಳದಲ್ಲಿ ನಿಲ್ಲುವ, ಮಾತನಾಡುವ, ಗುಂಪನ್ನು ನಡೆಸುವ ಧೈರ್ಯವನ್ನು ಈ ತರಬೇತಿ ತಂದುಕೊಟ್ಟಿತು. ಮುಂದೆ 1930ರ ಚಳವಳಿಯಲ್ಲಿ ಮಹಿಳೆಯರು ಸಂಘಟಿತರಾಗಿ ಬೀದಿಗಿಳಿಯಲು ಇಂತಹ ಸಿದ್ಧತೆಯೂ ಒಂದು ಕಾರಣವಾಯಿತು.

1926ರ ಚುನಾವಣೆ

ಭಾರತದ ಮಹಿಳೆಯರಿಗೂ ಮತದಾನದ ಹಕ್ಕು ಬೇಕೆಂದು ಸರೋಜಿನಿ ನಾಯ್ಡು ಅವರ ನೇತೃತ್ವದ ನಿಯೋಗವು 1917ರಲ್ಲಿ ಭಾರತ ಸಚಿವ ಮಾಂಟೆಗು ಅವರನ್ನು ಭೇಟಿಯಾಗಿ ಮನವಿ ಸಲ್ಲಿಸಿತ್ತು. 1919ರ ಸುಧಾರಣೆಗಳು ಈ ವಿಷಯವನ್ನು ಪ್ರಾಂತೀಯ ಶಾಸನಸಭೆಗಳ ತೀರ್ಮಾನಕ್ಕೆ ಬಿಟ್ಟವು. 1921ರಲ್ಲಿ ಮದ್ರಾಸ್ ಪ್ರಾಂತವು ಮಹಿಳೆಯರಿಗೆ ಮತದಾನದ ಹಕ್ಕನ್ನು ನೀಡಿತು. ಆದರೆ ಆಸ್ತಿಯ ಅರ್ಹತೆ ಕಡ್ಡಾಯವಾಗಿದ್ದುದರಿಂದ ಈ ಹಕ್ಕು ಬಹಳ ಕಡಿಮೆ ಮಹಿಳೆಯರಿಗೆ ತಲುಪಿತು. ಮಹಿಳೆಯರು ಸ್ಪರ್ಧಿಸಲು ಅವಕಾಶ ದೊರೆತದ್ದು 1926ರಲ್ಲಿ.

ಅದೇ ವರ್ಷ ನಡೆದ ಮದ್ರಾಸ್ ವಿಧಾನ ಪರಿಷತ್ತಿನ ಚುನಾವಣೆಯಲ್ಲಿ ಕಮಲಾದೇವಿಯವರು ಮಂಗಳೂರಿನಿಂದ ಸ್ಪರ್ಧಿಸಿದರು. ಆಗ ದಕ್ಷಿಣ ಕನ್ನಡ ಜಿಲ್ಲೆಯು ಮದ್ರಾಸ್ ಪ್ರಾಂತಕ್ಕೆ ಸೇರಿತ್ತು. ಸ್ಪರ್ಧಿಸುವಂತೆ ಅವರನ್ನು ಹುರಿದುಂಬಿಸಿದವರು ಐರಿಷ್ ಮೂಲದ ಮಹಿಳಾ ಹಕ್ಕುಗಳ ಹೋರಾಟಗಾರ್ತಿ ಮಾರ್ಗರೆಟ್ ಕಸಿನ್ಸ್. ಸಿದ್ಧತೆಗೆ ದೊರೆತದ್ದು ಕೆಲವೇ ದಿನಗಳಾದರೂ ಕಮಲಾದೇವಿಯವರು ತುರುಸಿನ ಪ್ರಚಾರ ನಡೆಸಿ, ಅತಿ ಕಡಿಮೆ ಮತಗಳ ಅಂತರದಿಂದ ಸೋತರು. ಮತದಾರರಲ್ಲಿ ಬಹುಪಾಲು ಪುರುಷರೇ ಇದ್ದ ಕಾಲದಲ್ಲಿ ಮಹಿಳೆಯೊಬ್ಬರು ಗೆಲುವಿನ ಸಮೀಪಕ್ಕೆ ಬಂದುದು ಗಮನಾರ್ಹವೆನಿಸಿತು. ಮರುವರ್ಷ ಮುತ್ತುಲಕ್ಷ್ಮಿ ರೆಡ್ಡಿ ಅವರು ಅದೇ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು.

ಅಖಿಲ ಭಾರತ ಮಹಿಳಾ ಸಮ್ಮೇಳನ

1927ರ ಜನವರಿಯಲ್ಲಿ ಪುಣೆಯಲ್ಲಿ ಅಖಿಲ ಭಾರತ ಮಹಿಳಾ ಸಮ್ಮೇಳನದ ಮೊದಲ ಅಧಿವೇಶನ ಸೇರಿತು. ಮಾರ್ಗರೆಟ್ ಕಸಿನ್ಸ್ ಅವರ ಪ್ರಯತ್ನದಿಂದ ಹುಟ್ಟಿದ ಈ ಸಂಸ್ಥೆಯ ಮೊದಲ ಸಂಘಟನಾ ಕಾರ್ಯದರ್ಶಿಯಾಗಿ ಕಮಲಾದೇವಿಯವರು ಆಯ್ಕೆಯಾದರು. ಹೆಣ್ಣುಮಕ್ಕಳ ಶಿಕ್ಷಣದ ಪ್ರಶ್ನೆಯನ್ನು ಚರ್ಚಿಸಲೆಂದು ಆರಂಭವಾದ ಸಮ್ಮೇಳನಕ್ಕೆ, ಬಾಲ್ಯವಿವಾಹ ನಿಲ್ಲದೆ ಶಿಕ್ಷಣ ಮುಂದುವರಿಯದು ಎಂಬುದು ಬಹುಬೇಗ ಮನವರಿಕೆಯಾಯಿತು. ಅಲ್ಲಿಂದ ವಿವಾಹ, ಉತ್ತರಾಧಿಕಾರ, ದುಡಿಮೆಯ ಪರಿಸ್ಥಿತಿ ಮೊದಲಾದ ವಿಷಯಗಳೂ ಅದರ ಕಾರ್ಯಕ್ಷೇತ್ರಕ್ಕೆ ಬಂದವು.

ಸಮ್ಮೇಳನದ ಶಾಖೆಗಳನ್ನು ಸ್ಥಾಪಿಸಲು ಕಮಲಾದೇವಿಯವರು ದೇಶದ ಹಲವು ಭಾಗಗಳಲ್ಲಿ ಸಂಚರಿಸಿದರು. ಬಾಲ್ಯವಿವಾಹವನ್ನು ನಿರ್ಬಂಧಿಸುವ ಮಸೂದೆಗೆ ಬೆಂಬಲ ಗಳಿಸಲು ಸಮ್ಮೇಳನವು ಶ್ರಮಿಸಿತು. ಶಾರದಾ ಕಾಯಿದೆ ಎಂದು ಹೆಸರಾದ ಈ ಶಾಸನವು 1929ರಲ್ಲಿ ಅಂಗೀಕಾರವಾಗಿ, ಹುಡುಗಿಯರ ವಿವಾಹದ ಕನಿಷ್ಠ ವಯಸ್ಸನ್ನು 14 ಎಂದೂ ಹುಡುಗರ ವಯಸ್ಸನ್ನು 18 ಎಂದೂ ನಿಗದಿಪಡಿಸಿತು. ಕಮಲಾದೇವಿಯವರ ಅಕ್ಕನ ಬದುಕನ್ನು ಬಲಿತೆಗೆದುಕೊಂಡ, ಅವರನ್ನೂ ಬಾಲ್ಯದಲ್ಲಿಯೇ ವಿಧವೆಯಾಗಿಸಿದ ಪದ್ಧತಿಯ ವಿರುದ್ಧ ಇದು ಮೊದಲ ಹೆಜ್ಜೆಯಾಗಿತ್ತು. 1932ರಲ್ಲಿ ಸಮ್ಮೇಳನದ ಪ್ರಯತ್ನದಿಂದ ದೆಹಲಿಯಲ್ಲಿ ಲೇಡಿ ಇರ್ವಿನ್ ಕಾಲೇಜು ಆರಂಭವಾಯಿತು. 1944ರಲ್ಲಿ ಕಮಲಾದೇವಿಯವರು ಸಮ್ಮೇಳನದ ಅಧ್ಯಕ್ಷರಾದರು.

ಬರ್ಲಿನ್ ಸಮ್ಮೇಳನ

1929ರಲ್ಲಿ ಬರ್ಲಿನ್ ನಗರದಲ್ಲಿ ಮಹಿಳಾ ಮತಾಧಿಕಾರಕ್ಕಾಗಿ ದುಡಿಯುತ್ತಿದ್ದ ಅಂತರರಾಷ್ಟ್ರೀಯ ಒಕ್ಕೂಟದ ಸಮ್ಮೇಳನ ನಡೆಯಿತು. ಸರೋಜಿನಿ ನಾಯ್ಡು ಅವರೊಂದಿಗೆ ಕಮಲಾದೇವಿಯವರೂ ಭಾರತದ ಪ್ರತಿನಿಧಿಯಾಗಿ ಅಲ್ಲಿಗೆ ತೆರಳಿದ್ದರು. ಸಭಾಂಗಣದಲ್ಲಿ ಪ್ರತಿಯೊಂದು ದೇಶದ ಧ್ವಜವನ್ನು ಹಾರಿಸುವ ಕ್ರಮವಿತ್ತು. ಆಗ ಭಾರತಕ್ಕೆ ಅಧಿಕೃತವಾಗಿದ್ದುದು ಬ್ರಿಟಿಷ್ ಧ್ವಜ. ಅದರಡಿ ಕುಳಿತುಕೊಳ್ಳಲು ಒಪ್ಪದ ಭಾರತೀಯ ಪ್ರತಿನಿಧಿಗಳು ತಮ್ಮ ಸೀರೆಗಳ ತುಂಡುಗಳಿಂದಲೇ ರಾಷ್ಟ್ರೀಯ ಚಳವಳಿಯ ತ್ರಿವರ್ಣ ಧ್ವಜವನ್ನು ಸಿದ್ಧಪಡಿಸಿದರು.

ಈ ಪ್ರವಾಸದಲ್ಲಿ ಕಮಲಾದೇವಿಯವರು ಬರ್ಲಿನ್ನಿನಲ್ಲಿ ನೆಲೆಸಿದ್ದ ಕ್ರಾಂತಿಕಾರಿ, ಹರೀಂದ್ರನಾಥರ ಹಿರಿಯ ಸಹೋದರ ವೀರೇಂದ್ರನಾಥ ಚಟ್ಟೋಪಾಧ್ಯಾಯ ಅವರನ್ನು ಭೇಟಿಯಾದರು. ಅದೇ ವರ್ಷ ಫ್ರಾಂಕ್‌ಫರ್ಟ್ ನಗರದಲ್ಲಿ ನಡೆದ ಸಾಮ್ರಾಜ್ಯಶಾಹಿ ವಿರೋಧಿ ಸಂಘದ ಸಮ್ಮೇಳನದಲ್ಲಿಯೂ ಭಾಗವಹಿಸಿದರು. ಮಹಿಳೆಯರ ಸಮ್ಮೇಳನದಲ್ಲಿ ಆಳುವ ದೇಶಗಳ ಮಹಿಳೆಯರೂ ಆಳಿಸಿಕೊಳ್ಳುವ ದೇಶಗಳ ಮಹಿಳೆಯರೂ ಒಂದೇ ವೇದಿಕೆಯಲ್ಲಿದ್ದರು. ಮತದಾನದ ಹಕ್ಕು ಇಬ್ಬರಿಗೂ ಸಮಾನವಾದ ಬೇಡಿಕೆಯಾಗಿದ್ದರೂ, ಪರಾಧೀನ ದೇಶದ ಮಹಿಳೆಗೆ ಅದಷ್ಟೇ ಸಾಲದು ಎಂಬ ಅವರ ಅಭಿಪ್ರಾಯವು ಈ ಅನುಭವದಿಂದ ಬಲಗೊಂಡಿತು.

ಉಪ್ಪಿನ ಸತ್ಯಾಗ್ರಹ

1930ರ ಮಾರ್ಚ್ 12ರಂದು ಗಾಂಧೀಜಿಯವರು ಸಾಬರಮತಿ ಆಶ್ರಮದಿಂದ ದಂಡಿಗೆ ಯಾತ್ರೆ ಹೊರಟಾಗ ಅವರ ಜೊತೆಗಿದ್ದ 78 ಸತ್ಯಾಗ್ರಹಿಗಳಲ್ಲಿ ಒಬ್ಬ ಮಹಿಳೆಯೂ ಇರಲಿಲ್ಲ. ಮಹಿಳೆಯರನ್ನು ಮುಂದಿಟ್ಟುಕೊಂಡು ಹೊರಟರೆ ಬ್ರಿಟಿಷರು ಬಲಪ್ರಯೋಗಕ್ಕೆ ಹಿಂಜರಿಯಬಹುದು, ಆಗ ಅದು ಸತ್ಯಾಗ್ರಹಿಗಳ ಹೇಡಿತನವೆನಿಸುತ್ತದೆ ಎಂಬುದು ಗಾಂಧೀಜಿಯವರ ಆಲೋಚನೆಯಾಗಿತ್ತು. ಉಪ್ಪಿನ ಕಾನೂನನ್ನು ಮುರಿಯುವುದಕ್ಕಿಂತ ಹಿರಿದಾದ ಕೆಲಸವನ್ನು ಮಹಿಳೆಯರಿಗೆ ವಹಿಸಬೇಕೆಂದೂ ಅವರು ಯೋಚಿಸಿದ್ದರು. ಹೆಂಡದಂಗಡಿ ಮತ್ತು ವಿದೇಶಿ ಬಟ್ಟೆಯ ಅಂಗಡಿಗಳ ಮುಂದೆ ಪಿಕೆಟಿಂಗ್ ನಡೆಸುವುದು, ನೂಲುವುದು ಹಾಗೂ ಖಾದಿಯ ಪ್ರಚಾರ ಅವರು ಸೂಚಿಸಿದ ಕಾರ್ಯಗಳು.

ಈ ನಿರ್ಧಾರಕ್ಕೆ ಮಹಿಳಾ ಸಂಘಟನೆಗಳಿಂದ ವಿರೋಧ ವ್ಯಕ್ತವಾಯಿತು. ಮಾರ್ಗರೆಟ್ ಕಸಿನ್ಸ್, ದಾದಾಭಾಯಿ ನವರೋಜಿಯವರ ಮೊಮ್ಮಗಳು ಖುರ್ಷೇದ್‌ಬೆನ್ ಮೊದಲಾದವರು ತಮ್ಮ ಆಕ್ಷೇಪವನ್ನು ತಿಳಿಸಿದರು. ಕಮಲಾದೇವಿಯವರು ಗಾಂಧೀಜಿಯವರನ್ನು ನೇರವಾಗಿ ಭೇಟಿಯಾಗಿ ವಾದಿಸಿದರು. ಉಪ್ಪು ಪ್ರತಿ ಮನೆಯ ಅಡುಗೆಗೂ ಬೇಕಾದ ವಸ್ತು. ಅದರ ಮೇಲಿನ ತೆರಿಗೆಯ ಭಾರ ಮನೆ ನಡೆಸುವ ಮಹಿಳೆಗೆ ಚೆನ್ನಾಗಿ ಗೊತ್ತು. ಅಹಿಂಸೆಯೇ ಆಧಾರವಾಗಿರುವ ಹೋರಾಟದಲ್ಲಿ ದೇಹಬಲದ ಕಾರಣಕ್ಕೆ ಯಾರನ್ನೂ ಹೊರಗಿಡುವುದು ಸರಿಯಲ್ಲ ಎಂಬುದು ಮಹಿಳೆಯರ ಪರವಾದ ತರ್ಕವಾಗಿತ್ತು. ಕೊನೆಗೆ ಗಾಂಧೀಜಿಯವರು ಒಪ್ಪಿ, ಉಪ್ಪಿನ ಸತ್ಯಾಗ್ರಹದಲ್ಲಿ ಮಹಿಳೆಯರ ಭಾಗವಹಿಸುವಿಕೆಗೆ ಅನುಮತಿ ನೀಡಿದರು.

1930ರ ಏಪ್ರಿಲ್ 6ರಂದು ದಂಡಿಯಲ್ಲಿ ಕಾನೂನುಭಂಗ ನಡೆದಾಗ, ಬೊಂಬಾಯಿಯ ಕಡಲತೀರದಲ್ಲಿ ಉಪ್ಪು ತಯಾರಿಸಲು ನೇಮಕಗೊಂಡ ಏಳು ಜನರ ತಂಡದಲ್ಲಿ ಇಬ್ಬರು ಮಹಿಳೆಯರಿದ್ದರು. ಒಬ್ಬರು ಅವಂತಿಕಾಬಾಯಿ ಗೋಖಲೆ, ಇನ್ನೊಬ್ಬರು ಕಮಲಾದೇವಿ. ಸಾವಿರಾರು ಜನರ ಸಮ್ಮುಖದಲ್ಲಿ ಸಮುದ್ರದ ನೀರನ್ನು ಕಾಯಿಸಿ ಉಪ್ಪು ತೆಗೆಯಲಾಯಿತು. ಗೃಹಿಣಿಯರು ಗುಂಪುಗುಂಪಾಗಿ ಕೊಡಗಳಲ್ಲಿ ಸಮುದ್ರದ ನೀರನ್ನು ಮನೆಗೆ ಒಯ್ದರು. ಉಪ್ಪನ್ನು ಪೊಟ್ಟಣ ಕಟ್ಟಿ ಮಾರುವ ಕೆಲಸವನ್ನು ಕಮಲಾದೇವಿಯವರು ಕೈಗೊಂಡರು. ಬೊಂಬಾಯಿಯ ಷೇರುಪೇಟೆಯೊಳಗೆ ಹೋಗಿ ಅಲ್ಲಿನ ವರ್ತಕರಿಗೆ ಉಪ್ಪು ಮಾರಿದರು. ನ್ಯಾಯಾಲಯದ ಆವರಣವನ್ನು ಪ್ರವೇಶಿಸಿ, ಅಲ್ಲಿದ್ದ ಮ್ಯಾಜಿಸ್ಟ್ರೇಟರಿಗೂ ಸ್ವಾತಂತ್ರ್ಯದ ಉಪ್ಪನ್ನು ಕೊಳ್ಳುವಿರಾ ಎಂದು ಕೇಳಿದ ಪ್ರಸಂಗ ಪ್ರಸಿದ್ಧವಾಗಿದೆ. ಪೊಲೀಸರೊಂದಿಗಿನ ಘರ್ಷಣೆಯಲ್ಲಿ ಏಟುಗಳನ್ನು ಲೆಕ್ಕಿಸದೆ ತ್ರಿವರ್ಣ ಧ್ವಜವನ್ನು ಬಿಗಿಯಾಗಿ ಹಿಡಿದು ಉಳಿಸಿಕೊಂಡ ಘಟನೆಯೂ ಅವರನ್ನು ದೇಶದಾದ್ಯಂತ ಪರಿಚಿತರನ್ನಾಗಿಸಿತು. ಬಂಧನಕ್ಕೊಳಗಾದ ಅವರು ಒಂದು ವರ್ಷದ ಸಮೀಪ ಸೆರೆಮನೆಯಲ್ಲಿದ್ದರು. ಮುಂದೆಯೂ ಅವರು ಹಲವು ಬಾರಿ ಸೆರೆವಾಸ ಅನುಭವಿಸಿದರು.

ಚಳವಳಿ ಹರಡಿದಂತೆ ಮಹಿಳೆಯರ ಪಾತ್ರವೂ ಹಿಗ್ಗಿತು. ಮೇ 21ರಂದು ಧರಾಸಣದ ಉಪ್ಪಿನ ಕೋಠಿಯ ಮೇಲಿನ ಸತ್ಯಾಗ್ರಹದ ನೇತೃತ್ವವನ್ನು ಸರೋಜಿನಿ ನಾಯ್ಡು ಅವರೇ ವಹಿಸಿದ್ದರು. ಉತ್ತರ ಕನ್ನಡದ ಅಂಕೋಲಾದಲ್ಲಿ ಏಪ್ರಿಲ್ 13ರಂದು ಆರಂಭವಾದ ಉಪ್ಪಿನ ಸತ್ಯಾಗ್ರಹ ಹಾಗೂ ಅನಂತರದ ಕರನಿರಾಕರಣೆಯ ಹೋರಾಟದಲ್ಲಿಯೂ ಮಹಿಳೆಯರು ಭಾಗಿಯಾದರು. 1931ರ ಕರಾಚಿ ಅಧಿವೇಶನದಲ್ಲಿ ಕಾಂಗ್ರೆಸ್ ಅಂಗೀಕರಿಸಿದ ಮೂಲಭೂತ ಹಕ್ಕುಗಳ ನಿರ್ಣಯವು, ಸಾರ್ವಜನಿಕ ಹುದ್ದೆ ಮತ್ತು ವೃತ್ತಿಗಳಲ್ಲಿ ಲಿಂಗದ ಕಾರಣಕ್ಕೆ ಯಾರಿಗೂ ಅಡ್ಡಿಯಿರಬಾರದೆಂದು ಘೋಷಿಸಿತು. ವಯಸ್ಕ ಮತದಾನವೂ ಆ ನಿರ್ಣಯದಲ್ಲಿ ಸೇರಿತ್ತು. ಹಿಂದಿನ ವರ್ಷ ಸಾವಿರಾರು ಮಹಿಳೆಯರು ಜೈಲಿಗೆ ಹೋಗಿಬಂದಿದ್ದುದು ಈ ಘೋಷಣೆಗೆ ಹಿನ್ನೆಲೆಯಾಗಿತ್ತು.

ಸಮಾಜವಾದಿ ರಾಜಕಾರಣ

ಸೆರೆಮನೆಯಿಂದ ಹೊರಬಂದ ಯುವ ಕಾಂಗ್ರೆಸ್ಸಿಗರಲ್ಲಿ ಹಲವರು 1934ರಲ್ಲಿ ಕಾಂಗ್ರೆಸ್ ಸಮಾಜವಾದಿ ಪಕ್ಷವನ್ನು ಕಟ್ಟಿದರು. ಜಯಪ್ರಕಾಶ್ ನಾರಾಯಣ್, ಆಚಾರ್ಯ ನರೇಂದ್ರದೇವ, ರಾಮಮನೋಹರ ಲೋಹಿಯಾ ಮೊದಲಾದವರೊಂದಿಗೆ ಕಮಲಾದೇವಿಯವರೂ ಇದರಲ್ಲಿ ಸಕ್ರಿಯರಾಗಿದ್ದರು. 1936ರ ಜನವರಿಯಲ್ಲಿ ಮೀರತ್‌ನಲ್ಲಿ ನಡೆದ ಪಕ್ಷದ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾಗಿದ್ದರು. ರೈತ ಮತ್ತು ಕಾರ್ಮಿಕರ ಬೇಡಿಕೆಗಳನ್ನು ರಾಷ್ಟ್ರೀಯ ಹೋರಾಟದೊಂದಿಗೆ ಜೋಡಿಸಬೇಕೆಂಬುದು ಪಕ್ಷದ ಗುರಿಯಾಗಿತ್ತು. ಮಹಿಳೆಯರ ಬೇಡಿಕೆಗಳಿಗೂ ಅಲ್ಲಿ ಸ್ಥಾನವಿರಬೇಕೆಂದು ಕಮಲಾದೇವಿಯವರು ಪ್ರತಿಪಾದಿಸಿದರು.

ಮಹಿಳೆಯರ ಕುರಿತ ಚಿಂತನೆ

ಕಮಲಾದೇವಿಯವರ ಬರಹಗಳಲ್ಲಿ ಮಹಿಳೆಯ ಪ್ರಶ್ನೆಯು ಪುರುಷರ ವಿರುದ್ಧದ ಹೋರಾಟವಾಗಿ ಕಾಣಿಸಿಕೊಳ್ಳುವುದಿಲ್ಲ. ಮಹಿಳೆಯ ಅಧೀನ ಸ್ಥಿತಿಗೆ ಆಸ್ತಿ, ದುಡಿಮೆ ಮತ್ತು ಕುಟುಂಬದ ವ್ಯವಸ್ಥೆಯೇ ಮೂಲ ಎಂದು ಅವರು ಭಾವಿಸಿದ್ದರು. ಮನೆಯೊಳಗಿನ ದುಡಿಮೆಯನ್ನೂ ದುಡಿಮೆಯೆಂದೇ ಪರಿಗಣಿಸಬೇಕು, ಸಮಾನ ಕೆಲಸಕ್ಕೆ ಸಮಾನ ವೇತನ ಇರಬೇಕು, ಹೆರಿಗೆಯ ಕಾಲದಲ್ಲಿ ರಕ್ಷಣೆ ದೊರೆಯಬೇಕು, ಮಕ್ಕಳನ್ನು ಹೆರುವ ವಿಷಯದಲ್ಲಿ ಮಹಿಳೆಯ ಇಚ್ಛೆಗೆ ಬೆಲೆಯಿರಬೇಕು ಎಂಬ ವಿಚಾರಗಳನ್ನು ಅವರು ಮುಂದಿಟ್ಟರು. ಇವುಗಳಲ್ಲಿ ಕೆಲವು ಅಂದಿನ ರಾಷ್ಟ್ರೀಯ ನಾಯಕರಿಗೂ ಒಪ್ಪಿಗೆಯಾಗಿರಲಿಲ್ಲ. ಸಂತಾನ ನಿಯಂತ್ರಣದ ಕೃತಕ ವಿಧಾನಗಳನ್ನು ಗಾಂಧೀಜಿಯವರು ವಿರೋಧಿಸುತ್ತಿದ್ದರು.

ರಾಷ್ಟ್ರೀಯ ಚಳವಳಿಯು ಮಹಿಳೆಯನ್ನು ತ್ಯಾಗಮಯಿ ತಾಯಿಯಾಗಿ, ಸಹನೆಯ ಮೂರ್ತಿಯಾಗಿ ಕರೆದಿತ್ತು. ಈ ಕರೆಯಿಂದಾಗಿಯೇ ಸಂಪ್ರದಾಯಸ್ಥ ಮನೆಗಳ ಹೆಣ್ಣುಮಕ್ಕಳೂ ಅಪವಾದದ ಭಯವಿಲ್ಲದೆ ಬೀದಿಗೆ ಬರಲು ಸಾಧ್ಯವಾಯಿತು. ಆದರೆ ತ್ಯಾಗಕ್ಕೆ ಮನ್ನಣೆ ದೊರೆತಷ್ಟು ಸುಲಭವಾಗಿ ಹಕ್ಕುಗಳಿಗೆ ಮನ್ನಣೆ ದೊರೆಯಲಿಲ್ಲ. ಕಮಲಾದೇವಿಯವರು ಚಳವಳಿಯ ಒಳಗಿದ್ದುಕೊಂಡೇ, ಹೋರಾಟದಲ್ಲಿ ಸಮಾನ ಪಾಲು ಪಡೆದವರಿಗೆ ಸ್ವತಂತ್ರ ದೇಶದಲ್ಲಿಯೂ ಸಮಾನ ಸ್ಥಾನ ಇರಬೇಕೆಂದು ಒತ್ತಾಯಿಸಿದರು.

ವಿದೇಶ ಪ್ರವಾಸ

1939ರಲ್ಲಿ ಎರಡನೆಯ ಮಹಾಯುದ್ಧ ಆರಂಭವಾದಾಗ ಕಮಲಾದೇವಿಯವರು ಇಂಗ್ಲೆಂಡಿನಲ್ಲಿದ್ದರು. ಅಲ್ಲಿಂದ ಅಮೆರಿಕಕ್ಕೆ ತೆರಳಿ, ಭಾರತದ ಸ್ವಾತಂತ್ರ್ಯದ ಪರವಾಗಿ ಜನಾಭಿಪ್ರಾಯ ರೂಪಿಸಲು ಉಪನ್ಯಾಸ ಪ್ರವಾಸ ನಡೆಸಿದರು. ಅಮೆರಿಕದ ಕಪ್ಪು ಜನರ ಹಕ್ಕುಗಳ ಹೋರಾಟವನ್ನು ಅವರು ಆಸಕ್ತಿಯಿಂದ ಗಮನಿಸಿದರು. 1941ರಲ್ಲಿ ದಕ್ಷಿಣದ ರಾಜ್ಯಗಳಲ್ಲಿ ರೈಲಿನಲ್ಲಿ ಪ್ರಯಾಣಿಸುತ್ತಿದ್ದಾಗ, ಬಿಳಿಯರಿಗೆ ಮೀಸಲಾಗಿದ್ದ ಬೋಗಿಯಿಂದ ಏಳುವಂತೆ ಟಿಕೆಟ್ ಪರೀಕ್ಷಕನು ಸೂಚಿಸಿದನು. ತಾವು ವಿದೇಶಿ ಪ್ರವಾಸಿ ಎಂದು ಹೇಳಿ ವಿನಾಯಿತಿ ಪಡೆಯುವ ದಾರಿ ಅವರಿಗೆ ಮುಕ್ತವಾಗಿತ್ತು. ಆದರೆ ಅವರು ತಮ್ಮನ್ನು ಬಣ್ಣದ ಮಹಿಳೆಯೆಂದೇ ಗುರುತಿಸಿಕೊಂಡು ಸ್ಥಳ ಬಿಡಲು ನಿರಾಕರಿಸಿದರು. ಯುದ್ಧಕಾಲದ ಜಪಾನ್ ಮತ್ತು ಚೀನಾಗಳಿಗೂ ಅವರು ಭೇಟಿ ನೀಡಿ, ಆ ದೇಶಗಳ ಕುರಿತು ಪುಸ್ತಕಗಳನ್ನು ಬರೆದರು. ಬ್ರಿಟಿಷ್ ಸಾಮ್ರಾಜ್ಯವನ್ನು ವಿರೋಧಿಸುತ್ತಿದ್ದ ಅವರು ಜಪಾನಿನ ಸಾಮ್ರಾಜ್ಯಶಾಹಿಯನ್ನೂ ಅಷ್ಟೇ ಸ್ಪಷ್ಟವಾಗಿ ಟೀಕಿಸಿದರು.

ರಂಗಭೂಮಿ ಮತ್ತು ಚಲನಚಿತ್ರ

ಗೌರವಸ್ಥ ಮನೆತನದ ಮಹಿಳೆಯರು ರಂಗದ ಮೇಲೆ ಬರುವುದನ್ನು ಸಮಾಜ ಒಪ್ಪದಿದ್ದ ಕಾಲದಲ್ಲಿ ಕಮಲಾದೇವಿಯವರು ನಾಟಕ ಮತ್ತು ಚಲನಚಿತ್ರಗಳಲ್ಲಿ ಅಭಿನಯಿಸಿದರು. ಕೇರಳದ ಗುರು ಮಾಣಿ ಮಾಧವ ಚಾಕ್ಯಾರ್ ಅವರ ಬಳಿ ಕೂಡಿಯಾಟ್ಟಂ ಕಲೆಯನ್ನು ಅಭ್ಯಾಸ ಮಾಡಿದರು. ಮೋಹನ್ ಭವನಾನಿ ನಿರ್ದೇಶನದ 'ಮೃಚ್ಛಕಟಿಕ' (1931) ಮೂಕಚಿತ್ರದಲ್ಲಿ ಟಿ. ಪಿ. ಕೈಲಾಸಂ ಅವರೊಂದಿಗೆ ಪಾತ್ರ ವಹಿಸಿದರು. ಮುಂದೆ ಕೆ. ಎಲ್. ಸೈಗಲ್ ನಾಯಕರಾಗಿದ್ದ 'ತಾನ್‌ಸೇನ್' (1943), 'ಶಂಕರ್ ಪಾರ್ವತಿ' (1943) ಮತ್ತು 'ಧನ್ನಾ ಭಗತ್' (1945) ಹಿಂದಿ ಚಿತ್ರಗಳಲ್ಲಿಯೂ ಕಾಣಿಸಿಕೊಂಡರು.

ನಿರಾಶ್ರಿತರ ಪುನರ್ವಸತಿ

ದೇಶ ವಿಭಜನೆಯಿಂದ ಕಮಲಾದೇವಿಯವರು ನೊಂದಿದ್ದರು. ಸ್ವಾತಂತ್ರ್ಯಾನಂತರ ಅವರು ಅಧಿಕಾರ ರಾಜಕಾರಣದಿಂದ ದೂರ ಸರಿದು ನಿರಾಶ್ರಿತರ ಪುನರ್ವಸತಿಗೆ ಮುಂದಾದರು. ಸಹಕಾರ ತತ್ತ್ವದ ಮೇಲೆ ಊರೊಂದನ್ನು ಕಟ್ಟುವ ಯೋಜನೆಯನ್ನು ಗಾಂಧೀಜಿಯವರ ಮುಂದಿಟ್ಟಾಗ, ಸರ್ಕಾರದ ಹಣವನ್ನು ಅವಲಂಬಿಸಬಾರದೆಂಬ ಷರತ್ತಿನೊಂದಿಗೆ ಅವರು ಒಪ್ಪಿಗೆ ನೀಡಿದರು. 1948ರಲ್ಲಿ ಇಂಡಿಯನ್ ಕೋ-ಆಪರೇಟಿವ್ ಯೂನಿಯನ್ ಸ್ಥಾಪನೆಯಾಯಿತು. ದೆಹಲಿಯ ಸಮೀಪದ ಛತ್ತರ್‌ಪುರದಲ್ಲಿ ಸಹಕಾರಿ ಬೇಸಾಯ ಆರಂಭವಾಯಿತು. ವಾಯವ್ಯ ಗಡಿನಾಡಿನಿಂದ ಬಂದ ಸುಮಾರು 50,000 ನಿರಾಶ್ರಿತರು ನೆಲೆಸಿದ ಫರೀದಾಬಾದ್ ಕೈಗಾರಿಕಾ ನಗರದ ನಿರ್ಮಾಣದಲ್ಲಿಯೂ ಕಮಲಾದೇವಿಯವರು ದುಡಿದರು. ನಿರಾಶ್ರಿತರು ದಾನ ಪಡೆಯುವವರಾಗದೆ ತಮ್ಮ ಮನೆಗಳನ್ನು ತಾವೇ ಕಟ್ಟಿಕೊಂಡು ಕಸುಬು ಕಲಿಯುವಂತೆ ಈ ಯೋಜನೆಯನ್ನು ರೂಪಿಸಲಾಗಿತ್ತು.

ಕರಕುಶಲ ಕಲೆ ಮತ್ತು ಸಾಂಸ್ಕೃತಿಕ ಸಂಸ್ಥೆಗಳು

1952ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ಕರಕುಶಲ ಮಂಡಳಿಗೆ ಕಮಲಾದೇವಿಯವರು ಅಧ್ಯಕ್ಷರಾದರು. ದೊಡ್ಡ ಕೈಗಾರಿಕೆಗಳ ಭರಾಟೆಯಲ್ಲಿ ಕುಶಲಕರ್ಮಿಗಳು ಕಸುಬು ಕಳೆದುಕೊಳ್ಳುತ್ತಿದ್ದ ಕಾಲವದು. ಅವರು ಹಳ್ಳಿಹಳ್ಳಿ ಸುತ್ತಿ ನಶಿಸುತ್ತಿದ್ದ ಕಸುಬುಗಳನ್ನು ಗುರುತಿಸಿ, ತರಬೇತಿ ಕೇಂದ್ರ, ವಿನ್ಯಾಸ ಕೇಂದ್ರ ಮತ್ತು ಮಾರುಕಟ್ಟೆಯ ಏರ್ಪಾಟು ಮಾಡಿದರು. ಶ್ರೀಕಾಳಹಸ್ತಿಯ ಕಲಂಕಾರಿ, ಜೈಪುರದ ನೀಲಿ ಕುಂಬಾರಿಕೆ ಮೊದಲಾದವು ಅವರ ಆಸಕ್ತಿಯಿಂದ ಮತ್ತೆ ಚೇತರಿಸಿಕೊಂಡವು. ದೆಹಲಿಯ ಸೆಂಟ್ರಲ್ ಕಾಟೇಜ್ ಇಂಡಸ್ಟ್ರೀಸ್ ಎಂಪೋರಿಯಂ ಅವರ ಮಾರ್ಗದರ್ಶನದಲ್ಲಿ ಬೆಳೆಯಿತು. ನಿಪುಣ ಕುಶಲಕರ್ಮಿಗಳಿಗೆ ರಾಷ್ಟ್ರಪ್ರಶಸ್ತಿ ನೀಡುವ ಪದ್ಧತಿಯ ಹಿಂದೆಯೂ ಅವರ ಪ್ರಯತ್ನವಿದೆ. ನೂಲುವುದು, ನೇಯುವುದು, ಕಸೂತಿ, ಬುಟ್ಟಿ ಹೆಣೆಯುವುದು ಮೊದಲಾದ ಕಸುಬುಗಳಲ್ಲಿ ಮಹಿಳೆಯರ ಪಾಲು ದೊಡ್ಡದು. ಆದ್ದರಿಂದ ಕರಕುಶಲ ಕ್ಷೇತ್ರದ ಕೆಲಸವು ಮಹಿಳೆಗೆ ಸ್ವಂತ ದುಡಿಮೆಯ ಆದಾಯ ಬೇಕೆಂಬ ಅವರ ಹಿಂದಿನ ನಿಲುವಿನ ಮುಂದುವರಿಕೆಯೂ ಆಗಿತ್ತು.

1964ರಲ್ಲಿ ಭಾರತೀಯ ಕರಕುಶಲ ಪರಿಷತ್ತು ಹಾಗೂ ವಿಶ್ವ ಕರಕುಶಲ ಪರಿಷತ್ತುಗಳ ಸ್ಥಾಪನೆಯಲ್ಲಿ ಅವರು ಭಾಗಿಯಾದರು. ಭಾರತೀಯ ನಾಟ್ಯ ಸಂಘದ ಮೂಲಕ ದೆಹಲಿಯಲ್ಲಿ ಆರಂಭಿಸಿದ ಏಷ್ಯನ್ ಥಿಯೇಟರ್ ಇನ್‌ಸ್ಟಿಟ್ಯೂಟ್ ಮುಂದೆ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ವಿಲೀನವಾಯಿತು. ಮಾಯಾ ರಾವ್ ಅವರ ನಿರ್ದೇಶನದಲ್ಲಿ ಬೆಂಗಳೂರಿನಲ್ಲಿ ಬೆಳೆದ ಕಥಕ್ ಮತ್ತು ನೃತ್ಯ ಸಂಯೋಜನೆಯ ನಾಟ್ಯ ಸಂಸ್ಥೆಗೂ ಅವರ ಬೆಂಬಲವಿತ್ತು. ಕರಾವಳಿಯ ನಾಯಕ, ಸಂಸದ ಉಳ್ಳಾಲ ಶ್ರೀನಿವಾಸ ಮಲ್ಯ ಅವರ ಹೆಸರಿನಲ್ಲಿ ದೆಹಲಿಯಲ್ಲಿ ರಂಗಪರಿಕರಗಳ ವಸ್ತುಸಂಗ್ರಹಾಲಯವನ್ನು ಸ್ಥಾಪಿಸಿದರು. ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಅಧ್ಯಕ್ಷರಾಗಿಯೂ ಸೇವೆ ಸಲ್ಲಿಸಿದರು.

ಪ್ರಮುಖ ಕೃತಿಗಳು

ಕಮಲಾದೇವಿಯವರು ಇಂಗ್ಲಿಷಿನಲ್ಲಿ ಹಲವು ಪುಸ್ತಕಗಳನ್ನು ಬರೆದಿದ್ದಾರೆ. ಅವುಗಳಲ್ಲಿ ಕೆಲವು:

- ದಿ ಅವೇಕನಿಂಗ್ ಆಫ್ ಇಂಡಿಯನ್ ವಿಮೆನ್ (1939)
- ಇನ್ ವಾರ್-ಟಾರ್ನ್ ಚೈನಾ
- ಜಪಾನ್: ಇಟ್ಸ್ ವೀಕ್‌ನೆಸ್ ಅಂಡ್ ಸ್ಟ್ರೆಂಗ್ತ್
- ಟುವರ್ಡ್ಸ್ ಎ ನ್ಯಾಷನಲ್ ಥಿಯೇಟರ್
- ಟ್ರೈಬಲಿಸಂ ಇನ್ ಇಂಡಿಯಾ (1978)
- ಇಂಡಿಯನ್ ವಿಮೆನ್ಸ್ ಬ್ಯಾಟಲ್ ಫಾರ್ ಫ್ರೀಡಮ್ (1983)
- ಇನ್ನರ್ ರಿಸೆಸಸ್, ಔಟರ್ ಸ್ಪೇಸಸ್ (1986, ಆತ್ಮಕಥನ)

'ಇಂಡಿಯನ್ ವಿಮೆನ್ಸ್ ಬ್ಯಾಟಲ್ ಫಾರ್ ಫ್ರೀಡಮ್' ಕೃತಿಯಲ್ಲಿ ಅವರು ಭಾರತೀಯ ಮಹಿಳೆಯರ ಹಕ್ಕುಗಳ ಹೋರಾಟ ಮತ್ತು ಸ್ವಾತಂತ್ರ್ಯ ಚಳವಳಿಯಲ್ಲಿ ಅವರು ವಹಿಸಿದ ಪಾತ್ರವನ್ನು ದಾಖಲಿಸಿದ್ದಾರೆ. ಚಳವಳಿಯಲ್ಲಿ ಸ್ವತಃ ಪಾಲ್ಗೊಂಡವರು ಬರೆದ ಇತಿಹಾಸವಾದುದರಿಂದ ಈ ಪುಸ್ತಕಕ್ಕೆ ವಿಶೇಷ ಮಹತ್ವವಿದೆ.

ಪ್ರಶಸ್ತಿ ಮತ್ತು ಗೌರವಗಳು

- ಪದ್ಮಭೂಷಣ (1955)
- ಸಮುದಾಯ ನಾಯಕತ್ವಕ್ಕಾಗಿ ರಾಮನ್ ಮ್ಯಾಗ್ಸೆಸೆ ಪ್ರಶಸ್ತಿ (1966)
- ಸಂಗೀತ ನಾಟಕ ಅಕಾಡೆಮಿಯ ಫೆಲೋಶಿಪ್ (1974)
- ಕರಕುಶಲ ಕಲೆಗಳ ಅಭಿವೃದ್ಧಿಗಾಗಿ ಯುನೆಸ್ಕೊ ಗೌರವ (1977)
- ಶಾಂತಿನಿಕೇತನದ ವಿಶ್ವಭಾರತಿಯಿಂದ ದೇಶಿಕೋತ್ತಮ
- ಪದ್ಮವಿಭೂಷಣ (1987)

ನಿಧನ

ಕಮಲಾದೇವಿ ಚಟ್ಟೋಪಾಧ್ಯಾಯ ಅವರು 1988ರ ಅಕ್ಟೋಬರ್ 29ರಂದು ತಮ್ಮ 85ನೆಯ ವಯಸ್ಸಿನಲ್ಲಿ ಬೊಂಬಾಯಿಯಲ್ಲಿ ನಿಧನರಾದರು. ಸ್ವತಂತ್ರ ಭಾರತದ ಸಂವಿಧಾನವು ಮಹಿಳೆಯರಿಗೆ ಪುರುಷರೊಂದಿಗೆ ಸಮಾನ ಮತದಾನದ ಹಕ್ಕನ್ನು ಮೊದಲ ಚುನಾವಣೆಯಿಂದಲೇ ನೀಡಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಡಿ ವಿಧವೆ ಮತ್ತು ಹೆಣ್ಣುಮಕ್ಕಳು, ಉಯಿಲು ಬರೆಯದೆ ತೀರಿಕೊಂಡವರ ಸ್ವಂತ ಆಸ್ತಿಯಲ್ಲಿ ಗಂಡುಮಕ್ಕಳಿಗೆ ಸಮನಾದ ಪಾಲು ಪಡೆದರು. ಪಿತ್ರಾರ್ಜಿತ ಅವಿಭಕ್ತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ದೇಶದಾದ್ಯಂತ ಸಮಾನ ಹಕ್ಕು ದೊರೆಯಲು 2005ರ ತಿದ್ದುಪಡಿಯವರೆಗೆ ಕಾಯಬೇಕಾಯಿತು. 2018ರ ಏಪ್ರಿಲ್ 3ರಂದು, ಅವರ 115ನೆಯ ಜನ್ಮದಿನದ ಸಂದರ್ಭದಲ್ಲಿ, ಗೂಗಲ್ ಸಂಸ್ಥೆಯು ವಿಶೇಷ ಡೂಡಲ್ ಪ್ರಕಟಿಸಿ ಅವರನ್ನು ಸ್ಮರಿಸಿತು.